ಮಡಿಕೇರಿಯಲ್ಲಿ ಪುಸ್ತಕ ಹುಡುಕುತ್ತಾ ಒಂದು ದಿನ: ಸ್ವಭಾವದ ‘ಬಗೆ’ಗಳನ್ನು ನಂಬುವವರು ಇಲ್ಲಿ ಯಾರಿದ್ದೀರಿ?

ಹಟ್ಟಿಹೊಳೆಯ ಓದುಗಿ

ಮಳೆ ಹಿಂದೆ ಸರಿದಿದೆ, ಕಾಫಿ ಕೊಯ್ಲು ಇನ್ನೂ ಶುರುವಾಗಿಲ್ಲ. ನಮ್ಮ ಕಡೆ ಬಿಡುವು ಅಂತ ಇರುವುದು ಈ ಕೆಲವು ವಾರಗಳಲ್ಲೇ. ಕಳೆದ ಶುಕ್ರವಾರ ಅತ್ತಿಗೆಯ ಜೊತೆ ಮಡಿಕೇರಿಗೆ ಹೋದೆ. ಅವರಿಗೆ ಸಂತೆಯ ಕೆಲಸವಿತ್ತು, ನನಗೆ ಪುಸ್ತಕದ್ದು. ಕೈಯಲ್ಲಿ ಪಟ್ಟಿ ಇರಲಿಲ್ಲ. ಬೇಕೆಂದೇ ಬರೆದುಕೊಂಡಿರಲಿಲ್ಲ.

ಮಡಿಕೇರಿಯಲ್ಲಿ ಪುಸ್ತಕ ಕೊಳ್ಳುವುದು ಮೈಸೂರಿನಲ್ಲಿ ಕೊಂಡಂತಲ್ಲ ಎಂಬುದು ನಿಮಗೆಲ್ಲ ಗೊತ್ತು. ಇಲ್ಲಿನ ಹೆಚ್ಚಿನ ಅಂಗಡಿಗಳಲ್ಲಿ ನೋಟ್‌ಬುಕ್ಕು, ಕಂಪಾಸು ಪೆಟ್ಟಿಗೆ, ಪಂಚಾಂಗಗಳ ನಡುವೆ ಸಾಹಿತ್ಯಕ್ಕೆ ಒಂದೆರಡು ಕಪಾಟು ಸಿಕ್ಕಿರುತ್ತದೆ, ಅಷ್ಟೇ. ನನಗೆ ಆ ಕಪಾಟುಗಳೇ ಇಷ್ಟ. ಕಾದಂಬರಿಯ ಪಕ್ಕ ಕಾಳುಮೆಣಸು ಬೇಸಾಯದ ಕೈಪಿಡಿ, ಅದರ ಪಕ್ಕ ವಚನಗಳ ಸಂಪುಟ, ಕೆಳಗೆ ಕೊಡವ ಹಾಡುಗಳ ಸಂಗ್ರಹ. ವಿಷಯವಾರು ಜೋಡಿಸದ ಕಡೆ ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಬೇಕಾಗುತ್ತದೆ, ಹಾಗೆ ನೋಡುವಾಗಲೇ ಹುಡುಕದೆ ಇದ್ದ ಪುಸ್ತಕ ಕೈಗೆ ಬರುವುದು.

ಮಹದೇವಪೇಟೆಯ ಅಂಥ ಒಂದು ಅಂಗಡಿಯ ಒಳಮೂಲೆಯಲ್ಲಿ ಹಳೆಯ ಪುಸ್ತಕಗಳ ರಟ್ಟಿನ ಪೆಟ್ಟಿಗೆ ಇತ್ತು. ಅದರೊಳಗೆ ಮನಶ್ಶಾಸ್ತ್ರವನ್ನು ಸಾಮಾನ್ಯರಿಗೆ ಪರಿಚಯಿಸುವ ಒಂದು ಕನ್ನಡ ಪುಸ್ತಕ. ಹೊದಿಕೆ ಹರಿದಿದೆ, ಮೊದಲ ಹಾಳೆಗಳೂ ಇಲ್ಲ, ಬರೆದವರು ಯಾರೆಂದು ತಿಳಿಯುವಂತಿಲ್ಲ. ವ್ಯಕ್ತಿತ್ವದ ಅಧ್ಯಾಯದಲ್ಲಿ ಹಿಂದೆ ಓದಿದವರು ಪೆನ್ಸಿಲಿನಿಂದ ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದಾರೆ. ಬಹಿರ್ಮುಖಿಯ ವರ್ಣನೆಯ ಪಕ್ಕ ‘ಚಿಕ್ಕಪ್ಪ’. ಅಂತರ್ಮುಖಿಯ ಪಕ್ಕ ‘ನಾನು’. ಪುಟ ತಿರುವಿದರೆ, ಜನರ ನಡುವೆ ಇರುವಾಗಲೇ ಬಹಿರ್ಮುಖಿಗೆ ಉತ್ಸಾಹ ಎಂಬ ಸಾಲಿನ ಪಕ್ಕದಲ್ಲಿ ಅದೇ ಕೈಬರಹ: ‘ನಾನು, ಹುತ್ತರಿಯಲ್ಲಿ’. ಹುತ್ತರಿಯೆಂದರೆ ನಮ್ಮ ಸುಗ್ಗಿಯ ಹಬ್ಬ.

ನಿಂತಲ್ಲೇ ಓದತೊಡಗಿದೆ. ಅಂಗಡಿಯವರು ಒಂದು ಸ್ಟೂಲು ತಂದಿಟ್ಟರು, ಏನೂ ಕೇಳಲಿಲ್ಲ. ಸಂತೆ ಮುಗಿಸಿ ಬಂದ ಅತ್ತಿಗೆ ತಮಗೆ ಬೇಕಾದ ಅಡುಗೆ ಪುಸ್ತಕದ ಹೆಸರು ಹೇಳಿ, ಹಣ ಕೊಟ್ಟು, ಹೊರಗೆ ನಿಂತು ಪರಿಚಯದವರೊಡನೆ ಮಾತಿಗಿಳಿದರು. ನಾನು ಅಧ್ಯಾಯ ಮುಗಿಸಿಯೇ ಎದ್ದೆ.

ಈ ವಿಷಯದ ಮೇಲೆ ನನಗೆ ಪ್ರೀತಿ ಬರಲು ಕಾರಣವಿದೆ. ನಾನು ಮಾತು ಕಡಿಮೆಯವಳು. ನಮ್ಮಲ್ಲಿ ಮದುವೆಯೆಂದರೆ ಇಡೀ ಒಕ್ಕ (ಮನೆತನ) ಸೇರುತ್ತದೆ, ವಾಲಗಕ್ಕೆ ಹೆಜ್ಜೆ ಹಾಕದವಳನ್ನು ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ. ‘ಏನಾಯಿತು ನಿನಗೆ?’ ಎಂಬುದನ್ನೇ ಕೇಳಿಕೊಂಡು ಬೆಳೆದವಳಿಗೆ, ಹೀಗಿರುವುದೂ ಒಂದು ಬಗೆ, ಇದು ಕೊರತೆಯಲ್ಲ ಎಂದು ಮೊದಲು ಹೇಳಿದ್ದು ಇಂಥ ಪುಸ್ತಕಗಳು.

ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ಪುಸ್ತಕ ಆಯುವ ರೀತಿಯಲ್ಲಿ ನಮ್ಮ ಸ್ವಭಾವ ಕಾಣುತ್ತದೆಯೇ? ಈಗ ಮೊಬೈಲಿನಲ್ಲಿ ಎಲ್ಲರೂ ಮಾಡಿಸಿಕೊಳ್ಳುವ ಹದಿನಾರು ಬಗೆಗಳ ಪರೀಕ್ಷೆಯಲ್ಲಿ ಎಷ್ಟು ಹುರುಳಿದೆ?

ಕಾಫಿ ಹೂ

ಖಂಡಿತ ಕಾಣುತ್ತದೆ! ನಾನು ಕೊನೆಯ ಪುಟವನ್ನು ಮೊದಲು ಓದುವವಳು, ನನ್ನ ತಂಗಿ ಮುನ್ನುಡಿಯನ್ನೂ ಬಿಡದವಳು. ಪರೀಕ್ಷೆಯಲ್ಲಿ ಪ್ರತಿ ಬಗೆಗೂ ನಾಲ್ಕು ಇಂಗ್ಲಿಷ್ ಅಕ್ಷರಗಳ ಹೆಸರಿದೆಯಲ್ಲ, ನನಗೆ ಐಎನ್‌ಎಫ್‌ಪಿ ಬಂತು, ಅವಳಿಗೆ ಇಎಸ್‌ಟಿಜೆ. ಒಂದೇ ಕೋಣೆಯಲ್ಲಿ ಬೆಳೆದವರಿಗೆ ಒಂದು ಅಕ್ಷರವೂ ಕೂಡಿಬರಲಿಲ್ಲ. ನನ್ನ ವರ್ಣನೆ ಓದುವಾಗ ಯಾರೋ ನನ್ನ ದಿನಚರಿ ತೆರೆದು ಓದಿದ್ದಾರೆ ಎನ್ನಿಸಿ ಮೈ ಜುಮ್ಮೆಂದಿತು. ಅಂಚಿನಲ್ಲಿ ಬರೆದವರು ಯಾರೋ ತಿಳಿಯಬೇಕಿತ್ತು.

ಗೋಣಿಕೊಪ್ಪಲಿನ ಮೇಷ್ಟ್ರು

ಓದುಗಿಯವರೇ, ಕಪಾಟಿನ ಮಾತು ಓದಿ ನನಗೂ ಬಸ್ ಹತ್ತುವ ಮನಸ್ಸಾಯಿತು. ಆದರೆ ಬಗೆಗಳ ವಿಷಯದಲ್ಲಿ ನನ್ನ ಅನುಭವ ಕಹಿ. ಕೆಲವು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟು, ಸಂಜೆಯ ಹೊತ್ತಿಗೆ ಪ್ರತಿ ಮಗುವಿನ ಅಂಗಿಗೂ ಬಣ್ಣದ ಚೀಟಿ ಅಂಟಿಸಿದರು. ನಾಯಕ, ಚಿಂತಕ, ಕಲಾವಿದ, ಸಹಾಯಕ. ‘ಸಹಾಯಕ’ ಚೀಟಿ ಸಿಕ್ಕ ಹುಡುಗಿ ಶಾಲಾ ಸಂಸತ್ತಿನ ಚುನಾವಣೆಗೆ ಕೊಟ್ಟಿದ್ದ ಹೆಸರನ್ನು ಹಿಂತೆಗೆದುಕೊಂಡಳು. ಏಕಮ್ಮಾ ಎಂದರೆ, ‘ನಾನು ನಾಯಕರ ಬಗೆ ಅಲ್ಲ ಸರ್’ ಎಂದಳು.

ಗದ್ದೆಯಲ್ಲಿ ನಾಟಿಯ ದಿನ ತನಗಿಂತ ದೊಡ್ಡವರಿಗೆ ಕೆಲಸ ಹಂಚುತ್ತಿದ್ದ ಹುಡುಗಿ ಅವಳು, ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಬಣ್ಣದ ಕಾಗದ ಅವಳ ಕಣ್ಣಿಗೆ ಅದನ್ನು ಮರೆಮಾಡಿತು. ದೊಡ್ಡವರು ತಮ್ಮನ್ನು ತಾವು ಓದಿಕೊಳ್ಳಲಿ, ಬೇಡವೆನ್ನುವುದಿಲ್ಲ. ಮಕ್ಕಳ ಮೈಮೇಲೆ ಯಾರೂ ಏನನ್ನೂ ಅಂಟಿಸಬಾರದು.

ನಾಪೋಕ್ಲು, ಸದ್ಯ ಮೈಸೂರು

ಮನೋವಿಜ್ಞಾನದಲ್ಲಿ ಎಂ.ಎ. ಓದುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆ ಜನಪ್ರಿಯವಾದದ್ದು ಸ್ವಿಸ್ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಿಂದ. ಮನಸ್ಸಿನ ಈ ಎರಡು ಒಲವುಗಳ ಜೊತೆಗೆ ಅವರು ಆಲೋಚನೆ, ಭಾವನೆ, ಇಂದ್ರಿಯಗ್ರಹಣ, ಒಳಹೊಳಹು ಎಂಬ ನಾಲ್ಕು ಮನೋವ್ಯಾಪಾರಗಳನ್ನು ಗುರುತಿಸಿದರು. ಎರಡನ್ನೂ ಸೇರಿಸಿದರೆ ಎಂಟು ಬಗೆ.

ಅದಕ್ಕೆ ಇನ್ನೊಂದು ಜೋಡಿ ಒಲವನ್ನು ಸೇರಿಸಿ ಹದಿನಾರು ಮಾಡಿದವರು ಅಮೆರಿಕದ ತಾಯಿ-ಮಗಳು. ತಾಯಿ ಕ್ಯಾಥರೀನ್ ಬ್ರಿಗ್ಸ್ ಜೀವನಚರಿತ್ರೆಗಳನ್ನು ರಾಶಿ ಹಾಕಿಕೊಂಡು ಓದಿ, ಮನುಷ್ಯರ ಸ್ವಭಾವವನ್ನು ತಮ್ಮದೇ ರೀತಿಯಲ್ಲಿ ವಿಂಗಡಿಸುತ್ತಿದ್ದವರು. ಯುಂಗ್ ಗ್ರಂಥದ ಇಂಗ್ಲಿಷ್ ಅನುವಾದ 1923ರಲ್ಲಿ ಬಂದಾಗ ತಮ್ಮ ದಾರಿ ಬಿಟ್ಟು ಅದನ್ನೇ ಹಿಡಿದರು. ಮಗಳು ಇಸಾಬೆಲ್ ಮೈಯರ್ಸ್ ಮೊದಲು ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದಿದ್ದವರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಮೊದಲ ಬಾರಿ ಕೆಲಸಕ್ಕೆ ಹೊರಟ ಹೆಂಗಸರಿಗೆ ಅವರವರ ಸ್ವಭಾವಕ್ಕೆ ಒಗ್ಗುವ ಕೆಲಸ ಸಿಗಲಿ ಎಂದು ಪ್ರಶ್ನಾವಳಿ ಕಟ್ಟಲು ಕುಳಿತರು. ಇಬ್ಬರೂ ಮನೋವಿಜ್ಞಾನದಲ್ಲಿ ತರಬೇತಿ ಪಡೆದವರಲ್ಲ. ಹಾಗೆಂದು ಅವರ ಶ್ರಮವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಇಸಾಬೆಲ್ ಇದಕ್ಕಾಗಿ ದಶಕಗಳನ್ನೇ ಸವೆಸಿದರು, 1980ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸದಲ್ಲಿದ್ದರು.

ತೊಂದರೆ ಇರುವುದು ಅಳತೆಯಲ್ಲಿ. ಜನರ ಅಂಕಗಳನ್ನು ಹರಡಿ ನೋಡಿದರೆ ಅಂತರ್ಮುಖಿಗಳು ಒಂದು ಕಡೆ, ಬಹಿರ್ಮುಖಿಗಳು ಇನ್ನೊಂದು ಕಡೆ ಗುಂಪುಗೂಡಿರುವುದಿಲ್ಲ. ಹೆಚ್ಚಿನವರು ನಡುವೆಯೇ ಇರುತ್ತಾರೆ. ಐದೂವರೆ ಅಡಿಗೆ ಗೆರೆ ಎಳೆದು, ಮೇಲಿನವರೆಲ್ಲ ಎತ್ತರದ ಬಗೆ, ಕೆಳಗಿನವರೆಲ್ಲ ಕುಳ್ಳ ಬಗೆ ಎಂದಂತೆ ಇದು. ಗೆರೆಯ ಹತ್ತಿರ ಇರುವವರು ಇವತ್ತು ಆಚೆ, ಮುಂದಿನ ತಿಂಗಳು ಈಚೆ. ಕೆಲವೇ ವಾರಗಳ ಅಂತರದಲ್ಲಿ ಪರೀಕ್ಷೆಯನ್ನು ಮತ್ತೆ ತೆಗೆದುಕೊಂಡಾಗ ಅನೇಕರಿಗೆ ಒಂದಾದರೂ ಅಕ್ಷರ ಬದಲಾಗುವುದು ಇದೇ ಕಾರಣಕ್ಕೆ.

ಕಾಫಿ ಹೂ ಅವರೇ, ವರ್ಣನೆ ನಿಮ್ಮದೇ ಎನ್ನಿಸಿದ್ದು ತೀರಾ ಸಹಜ. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಾಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಬಳಿಕ ಪ್ರತಿಯೊಬ್ಬರಿಗೂ ‘ನಿಮ್ಮ ವ್ಯಕ್ತಿತ್ವ’ ಎಂದು ಒಂದು ಬರಹ ಹಂಚಿದರು. ಎಷ್ಟು ನಿಖರವಾಗಿದೆ ಎಂದು ಐದಕ್ಕೆ ಅಂಕ ಕೊಡಿ ಎಂದಾಗ ಸರಾಸರಿ 4.26 ಬಂತು. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಬರಹ. ಅದರ ಹೆಚ್ಚಿನ ಸಾಲುಗಳನ್ನು ಅವರು ಆಯ್ದುಕೊಂಡದ್ದು ಪತ್ರಿಕೆ ಮಾರುವ ಅಂಗಡಿಯಲ್ಲಿ ಸಿಗುವ ಒಂದು ಜ್ಯೋತಿಷ್ಯದ ಪುಸ್ತಕದಿಂದ.

ಹಟ್ಟಿಹೊಳೆಯ ಓದುಗಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಅಳತೆಯ ಮಾತನ್ನು ಒಪ್ಪುತ್ತೇನೆ. ಆದರೆ ಒಂದು ಮಾತು ಬಿಟ್ಟುಕೊಡಲಾರೆ. ಮದುವೆ ಮನೆಯಿಂದ ಬೇಗ ಹೊರಟು ಬಂದು ಒಬ್ಬಳೇ ಕುಳಿತಾಗ ನನಗೆ ಜೀವ ಬಂದಂತಾಗುತ್ತದೆ. ಅದು ಯಾವುದೇ ಜ್ಯೋತಿಷ್ಯದ ಪುಸ್ತಕದಿಂದ ಬಂದದ್ದಲ್ಲ, ಪುಸ್ತಕ ಓದುವ ಮೊದಲೂ ಹಾಗೆಯೇ ಇತ್ತು. ಅದನ್ನು ಮನೆಯವರಿಗೆ ವಿವರಿಸಲು ನನ್ನ ಬಳಿ ಮಾತಿರಲಿಲ್ಲ, ಪುಸ್ತಕ ಮಾತು ಕೊಟ್ಟಿತು. ಈಗ ಅಮ್ಮ ‘ಏನಾಯಿತು?’ ಎನ್ನುವುದಿಲ್ಲ, ‘ಸ್ವಲ್ಪ ಹೊತ್ತು ಒಳಗೆ ಕೂತುಕೋ’ ಎನ್ನುತ್ತಾರೆ. ಮೇಷ್ಟ್ರು ಹೇಳಿದ ಹುಡುಗಿಯಿಂದ ಬಗೆಯ ಚೀಟಿ ಏನನ್ನೋ ಕಿತ್ತುಕೊಂಡಿತು, ನನಗೆ ಬಗೆಯ ಹೆಸರು ಏನನ್ನೋ ಕೊಟ್ಟಿತು. ಎರಡೂ ನಿಜ ಎಂದಾದರೆ, ವ್ಯತ್ಯಾಸ ಎಲ್ಲಿದೆ?

ಗೋಣಿಕೊಪ್ಪಲಿನ ಮೇಷ್ಟ್ರು

ನೀವು ಪುಸ್ತಕವನ್ನು ನೀವಾಗಿ ಎತ್ತಿಕೊಂಡಿರಿ, ಓದಿ ನಿಮಗೆ ಒಪ್ಪಿದ್ದನ್ನು ಇಟ್ಟುಕೊಂಡಿರಿ. ಅವಳಿಗೆ ಚೀಟಿ ಅಂಟಿಸಿದವರು ಬೇರೆಯವರು, ಅದೂ ನಲವತ್ತು ಮಕ್ಕಳ ಎದುರಿಗೆ. ನನಗೆ ಕಾಣುವ ವ್ಯತ್ಯಾಸ ಇದು.

ಸೋಮವಾರಪೇಟೆಯ ಬೆಳೆಗಾರ

ಬಗೆ ಮಾಡುವ ಆಸೆ ಯುಂಗ್ ಕಾಲಕ್ಕೆ ಹುಟ್ಟಿದ್ದಲ್ಲವಲ್ಲ. ಗ್ರೀಕ್ ವೈದ್ಯರು ದೇಹದ ನಾಲ್ಕು ರಸಗಳ ಮೇಲೆ ಸ್ವಭಾವ ಹೇಳಿದರು, ನಮ್ಮವರು ವಾತ, ಪಿತ್ತ, ಕಫ ಎಂದರು, ಸಾತ್ವಿಕ, ರಾಜಸ, ತಾಮಸ ಎಂದರು. ಆದರೆ ಗೀತೆಯ 14ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಒಬ್ಬ ಸಾತ್ವಿಕ, ಇನ್ನೊಬ್ಬ ತಾಮಸ ಎಂದು ಮನುಷ್ಯರನ್ನು ಹಂಚಿಹಾಕಿ ಕೈತೊಳೆದುಕೊಳ್ಳುವುದಿಲ್ಲ ಅದು. ಮೂರು ಗುಣಗಳೂ ಒಬ್ಬನೊಳಗೇ ಇವೆ, ಒಮ್ಮೆ ಒಂದು ಉಳಿದೆರಡನ್ನು ಮೆಟ್ಟಿ ಮೇಲೇಳುತ್ತದೆ, ಇನ್ನೊಮ್ಮೆ ಇನ್ನೊಂದು ಎನ್ನುತ್ತದೆ. ‘ನಾನು, ಹುತ್ತರಿಯಲ್ಲಿ’ ಎಂದು ಬರೆದ ಆ ಓದುಗರು ಹೇಳಿದ್ದೂ ಇದನ್ನೇ.

ಇನ್ನೊಂದು. ನಮ್ಮ ಜಿಲ್ಲೆಯಲ್ಲಿ ಎರಡು ಹೆಸರು ಯಾವಾಗಲೂ ಒಟ್ಟಿಗೆ ಬರುತ್ತವೆ. 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪ, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದ ತಿಮ್ಮಯ್ಯ. ಉಡುಗೆ, ಸಮಯ, ಶಿಷ್ಟಾಚಾರದಲ್ಲಿ ಕಾರ್ಯಪ್ಪನವರದು ಎಳ್ಳಷ್ಟೂ ಸಡಿಲವಿಲ್ಲದ ಕಟ್ಟುನಿಟ್ಟು. ತಿಮ್ಮಯ್ಯನವರು ಜವಾನರ ನಡುವೆ ಸಲೀಸಾಗಿ ಬೆರೆತು ನಗುತ್ತಿದ್ದವರು ಎಂದು ನಮ್ಮ ಹಿರಿಯರು ನೆನೆಯುತ್ತಾರೆ. ಒಂದೇ ಮಣ್ಣು, ಒಂದೇ ಕೆಲಸ, ಸ್ವಭಾವ ಎರಡು. ಸೇನಾನಾಯಕನಾಗಲು ‘ಈ ಬಗೆ’ ಬೇಕು ಎನ್ನುವವರು ಮಡಿಕೇರಿಗೆ ಬಂದು ಇಬ್ಬರ ಪ್ರತಿಮೆಗಳ ಮುಂದೆಯೂ ನಿಂತು ನೋಡಲಿ.

ನಾಪೋಕ್ಲು, ಸದ್ಯ ಮೈಸೂರು

ಬೆಳೆಗಾರರೇ, ಗೀತೆಯ ಮಾತು ನನಗೆ ಹೊಳೆದಿರಲಿಲ್ಲ. ಯುಂಗ್ ಕೂಡ ಪೂರ್ತಿ ಅಂತರ್ಮುಖಿ ಅಥವಾ ಪೂರ್ತಿ ಬಹಿರ್ಮುಖಿ ಎಂಬ ಮನುಷ್ಯ ಇರಲಾರ ಎನ್ನುತ್ತಿದ್ದರು. ತಮ್ಮ ಗ್ರಂಥವನ್ನು ಓದಿ ಜನರಿಗೆ ಹೆಸರುಪಟ್ಟಿ ಹಚ್ಚುತ್ತಾ ಹೋಗುವುದು ಹುಡುಗಾಟ ಎಂದು 1934ರಲ್ಲಿ ಅದರ ಅರ್ಜೆಂಟೀನಾ ಆವೃತ್ತಿಯ ಮುನ್ನುಡಿಯಲ್ಲಿ ಬರೆದರು. ವಾತ ಪಿತ್ತ ಕಫದ ವಿಷಯ ಬೇರೆ. ಅದು ಚಿಕಿತ್ಸೆಗಾಗಿ ಕಟ್ಟಿದ ಪದ್ಧತಿ, ಅದನ್ನು ನೌಕರಿಗೋ ಮದುವೆಗೋ ತಾಳೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ವಿರಾಜಪೇಟೆಯ ನಿವೃತ್ತ ಗ್ರಂಥಪಾಲಕ

ಪುಸ್ತಕ ಆಯುವುದರಲ್ಲಿ ಸ್ವಭಾವ ಕಾಣುತ್ತದೆಯೇ ಎಂಬ ಮೊದಲ ಪ್ರಶ್ನೆಯನ್ನು ಎಲ್ಲರೂ ಬಿಟ್ಟು ಮುಂದೆ ಹೋದಿರಿ. ನನ್ನ ವೃತ್ತಿಯುದ್ದಕ್ಕೂ ನಾನು ನೋಡಿದ್ದು ಅದನ್ನೇ, ಹಾಗಾಗಿ ಹೇಳುತ್ತೇನೆ.

ಕಕ್ಕಡ ತಿಂಗಳ ಮಳೆಯಲ್ಲಿ ಮನೆಯಿಂದ ಹೊರಬೀಳಲಾಗದ ದಿನಗಳಿಗೆಂದು ಜನ ಒಯ್ಯುತ್ತಿದ್ದದ್ದು ದಪ್ಪ ದಪ್ಪ ಕಾದಂಬರಿ. ಕಾಫಿ ಕೊಯ್ಲಿನಲ್ಲಿ ಅದೇ ಜನ ವಾರಪತ್ರಿಕೆ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಒಬ್ಬ ಹೆಂಗಸು ವರ್ಷಗಟ್ಟಲೆ ಬಾಗಿಲ ಹತ್ತಿರದ ಕಪಾಟಿನಿಂದಲೇ ಪುಸ್ತಕ ತೆಗೆದುಕೊಂಡು ಗಡಿಬಿಡಿಯಲ್ಲಿ ಹೊರಡುತ್ತಿದ್ದರು. ಆತುರದ ಸ್ವಭಾವ ಎಂದು ನಾವೆಲ್ಲ ಮಾತನಾಡಿಕೊಳ್ಳುತ್ತಿದ್ದೆವು. ಅವರ ಅತ್ತೆ ತೀರಿಕೊಂಡ ಮೇಲೆ ಅದೇ ಹೆಂಗಸು ಮಧ್ಯಾಹ್ನವಿಡೀ ಒಳಗಿನ ಸಾಲಿನಲ್ಲಿ, ನೆಲದ ಮೇಲೆ ಕುಳಿತು, ಪುರಾಣದಿಂದ ಪ್ರವಾಸಕಥನದವರೆಗೆ ಒಂದೊಂದನ್ನೇ ತಿರುವಿ ನೋಡತೊಡಗಿದರು. ಹಾಸಿಗೆ ಹಿಡಿದ ಅತ್ತೆಯನ್ನು ಅಷ್ಟು ವರ್ಷ ಅವರೊಬ್ಬರೇ ನೋಡಿಕೊಂಡಿದ್ದರೆಂಬುದು ನಮಗೆ ತಿಳಿದದ್ದು ಆಮೇಲೆ. ಪಟ್ಟಿಯಿಲ್ಲದೆ ಅಲೆದಾಡಲು ಒಂದು ಶುಕ್ರವಾರ ಸಿಕ್ಕಿತಲ್ಲ, ಓದುಗಿಯವರೇ, ಅದು ಎಲ್ಲರಿಗೂ ಸಿಗುವುದಿಲ್ಲ. ಆಯುವ ರೀತಿಯಲ್ಲಿ ನನಗೆ ಸ್ವಭಾವಕ್ಕಿಂತ ಹೆಚ್ಚಾಗಿ ಬಿಡುವು ಕಂಡಿದೆ.

ಮೈಸೂರಿನ ವಿದ್ಯಾರ್ಥಿನಿಗೆ ಒಂದು ಮಾತು. ನೀವು ಓದುವ ಊರಿಗೂ ಈ ವಿಷಯಕ್ಕೂ ಹಳೆಯ ನಂಟಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಎಂ. ವಿ. ಗೋಪಾಲಸ್ವಾಮಿಯವರಿಂದ. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಿತ್ತರಿಸಿದವರೂ ಅವರೇ. ಯುಂಗ್ ಕೂಡ 1938ರ ಜನವರಿಯ ವಿಜ್ಞಾನ ಕಾಂಗ್ರೆಸ್ಸಿಗೆ ಆಹ್ವಾನಿತರಾಗಿ ಭಾರತಕ್ಕೆ ಬಂದಾಗ ಮೈಸೂರು ಮಹಾರಾಜರ ಅತಿಥಿಯಾಗಿದ್ದರು. ಅರಮನೆಯ ಗುರು ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಮಾತನಾಡಿದ್ದನ್ನು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಕೊನೆಗೆ, ರಟ್ಟಿನ ಪೆಟ್ಟಿಗೆಯಿಂದ ತಂದ ಪುಸ್ತಕವನ್ನು ನೇರ ಕಪಾಟಿಗೆ ಸೇರಿಸಬೇಡಿ. ನಮ್ಮ ಜಿಲ್ಲೆಯ ಮಳೆಗಾಲದ ಬೂಷ್ಟು ಹಾಳೆಯೊಳಗೆ ಕುಳಿತಿರುತ್ತದೆ. ಮನೆಯ ಹೊರಗೆ, ಒಣಗಿದ ಹತ್ತಿ ಬಟ್ಟೆಯಿಂದ ಒರೆಸಿ, ಹಾಳೆಗಳನ್ನು ಬಿಡಿಸಿ ಗಾಳಿಯಾಡುವ ನೆರಳಿನಲ್ಲಿ ಕೆಲವು ದಿನ ಇಡಿ. ಸುಡುಬಿಸಿಲಿಗೆ ಹಾಕಿದರೆ ಹಳೆಯ ಕಾಗದ ಪುಡಿಯಾಗುತ್ತದೆ. ಕಪಾಟು ಹೊರಗೋಡೆಗೆ ತಾಗಿದ್ದರೆ ಒಂದು ಗೇಣು ಮುಂದೆ ಎಳೆಯಿರಿ, ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಗಾಳಿಯ ತೇವಾಂಶ ಶೇ. 65 ದಾಟಿ ನಿಂತರೆ ಬೂಷ್ಟಿಗೆ ಹಬ್ಬ, ನಮ್ಮಲ್ಲಿ ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ದಾಟಿಯೇ ಇರುತ್ತದೆ.

ಕಾಫಿ ಹೂ

ಮೇಲಿನ ಮಾತುಗಳನ್ನೆಲ್ಲ ಓದಿ ಇವತ್ತು ಮತ್ತೆ ಪರೀಕ್ಷೆ ತೆಗೆದುಕೊಂಡೆ. ಕೊನೆಯ ಪಿ ಹೋಗಿ ಜೆ ಬಂದಿದೆ (ಬಂದಂತೆ ನಡೆಯುವವರಿಗೆ ಪಿ, ಮೊದಲೇ ಯೋಜಿಸುವವರಿಗೆ ಜೆ). ಈ ವಾರ ಮನೆಯಲ್ಲಿ ಚಿಕ್ಕಮ್ಮನ ಮಗಳ ಮದುವೆಯ ಲೆಕ್ಕಪತ್ರ ನಾನೇ ನೋಡುತ್ತಿದ್ದೇನೆ, ದಿನವಿಡೀ ಪಟ್ಟಿ ಮಾಡುವುದೇ ಕೆಲಸ. ಗ್ರಂಥಪಾಲಕರು ಹೇಳಿದ್ದು ಇದೇ ಅಲ್ಲವೇ?

ನಾಪೋಕ್ಲು, ಸದ್ಯ ಮೈಸೂರು

ಅದೇ. ವಾಲ್ಟರ್ ಮಿಶೆಲ್ ಎಂಬ ಮನೋವಿಜ್ಞಾನಿ 1968ರಲ್ಲಿ, ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದಕ್ಕೆ ಸ್ವಭಾವಕ್ಕಿಂತ ಸಂದರ್ಭವೇ ಮುಖ್ಯ ಎಂಬ ವಾದ ಹೂಡಿದರು. ಅದರ ಮೇಲೆ ದಶಕಗಳ ಜಗಳ ನಡೆಯಿತು. ಈಗ ಹೆಚ್ಚಿನವರು ನಿಂತಿರುವ ಕಡೆ ಹೇಳುವುದಾದರೆ: ಒಂದು ದಿನದ ಒಂದು ನಡೆಯನ್ನು ಸ್ವಭಾವ ನೋಡಿ ಊಹಿಸಲಾಗದು, ಆದರೆ ಬಹಳ ದಿನಗಳ ಸರಾಸರಿಯಲ್ಲಿ ಸ್ವಭಾವ ಎದ್ದು ಕಾಣುತ್ತದೆ. ಓದುಗಿಯವರು ಒಂದು ಮದುವೆಯಲ್ಲಿ ಕುಣಿಯಬಹುದು, ಆದರೂ ಅವರು ಮೌನದವರೇ.

ಇಂದು ಸಂಶೋಧನೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಐದು ಗುಣಗಳ ಮಾದರಿ. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಎಂಬಿಬ್ಬರು ದೊಡ್ಡ ಇಂಗ್ಲಿಷ್ ನಿಘಂಟೊಂದನ್ನು ಹಿಡಿದು, ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಆರಿಸಿದರು. ಮುಂದೆ ಬಂದವರು ಅದನ್ನು ಸೋಸುತ್ತಾ ಹೋದಾಗ ಮತ್ತೆ ಮತ್ತೆ ಉಳಿದದ್ದು ಐದು: ಹೊಸತಿಗೆ ತೆರೆದುಕೊಳ್ಳುವ ಗುಣ, ಅಚ್ಚುಕಟ್ಟುತನ, ಬಹಿರ್ಮುಖತೆ, ಹೊಂದಾಣಿಕೆ, ಮನಸ್ಸು ಬೇಗ ಕಲಕುವ ಗುಣ. ಇಲ್ಲಿ ಯಾರಿಗೂ ಬಗೆ ಇಲ್ಲ. ಪ್ರತಿಯೊಂದು ಗುಣವೂ ಒಬ್ಬೊಬ್ಬರಲ್ಲಿ ಹೆಚ್ಚೋ ಕಡಿಮೆಯೋ ಇರುತ್ತದೆ. ವಯಸ್ಸಾದಂತೆ ಸಾಮಾನ್ಯವಾಗಿ ಅಚ್ಚುಕಟ್ಟುತನ ಮತ್ತು ಹೊಂದಾಣಿಕೆ ಏರುತ್ತವೆ, ಮನಸ್ಸು ಕಲಕುವುದು ಇಳಿಯುತ್ತದೆ. ಇದು ಓದಲು ಹದಿನಾರು ಬಗೆಗಳಷ್ಟು ರುಚಿಯಾಗಿಲ್ಲ ಎಂಬುದು ನನಗೂ ಗೊತ್ತು. ‘ನಿಮ್ಮ ಅಚ್ಚುಕಟ್ಟುತನ ಸರಾಸರಿಗಿಂತ ತುಸು ಮೇಲೆ’ ಎಂಬುದರಲ್ಲಿ ಕಥೆ ಇಲ್ಲ.

ಹಟ್ಟಿಹೊಳೆಯ ಓದುಗಿ

ಕಥೆ ಎಂದಿರಿ, ಒಂದು ನೆನಪಾಯಿತು. ಆ ದಿನ ನಾನು ಕೊಂಡ ಇನ್ನೊಂದು ಪುಸ್ತಕ ಕೊಡಗಿನ ಗೌರಮ್ಮನವರ ಕಥೆಗಳದು. ನಮ್ಮ ಮಡಿಕೇರಿಯ ಹುಡುಗಿ, 1912ರಲ್ಲಿ ಹುಟ್ಟಿದವರು. ಆ ಕಾಲಕ್ಕೇ ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಬೇಕೆಂದು ಉಪವಾಸ ಕುಳಿತು ಕರೆಸಿಕೊಂಡರು, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಇಷ್ಟನ್ನೇ ಕೇಳಿದವರು ಅವರನ್ನು ಬಹಿರ್ಮುಖಿ ಎಂದು ಬರೆದುಬಿಡುತ್ತಾರೆ. ಕಥೆಗಳನ್ನು ಓದಿ. ವಿಧವೆಯರ, ಕೈಬಿಟ್ಟ ಹೆಂಗಸರ ಮನಸ್ಸಿನೊಳಗೆ ಅಷ್ಟು ಮೆಲ್ಲಗೆ ಹೋಗಿ ಕುಳಿತುಕೊಳ್ಳುವವರು ಎಷ್ಟು ಹೊತ್ತು ಒಬ್ಬರೇ ಸುಮ್ಮನೆ ಕುಳಿತಿರಬೇಕು! 1939ರಲ್ಲಿ, 27ರ ವಯಸ್ಸಿನಲ್ಲಿ, ಹೊಳೆಯ ಸುಳಿಗೆ ಸಿಕ್ಕಿ ಹೋದರು. ಅವರನ್ನು ಯಾವ ನಾಲ್ಕು ಅಕ್ಷರಕ್ಕೆ ಸೇರಿಸುತ್ತೀರಿ? ಎರಡು ಸಂಜೆ ಯೋಚಿಸಿದೆ, ನನ್ನಿಂದ ಆಗಲಿಲ್ಲ. ಆದರೆ ಯೋಚಿಸಿದ್ದರಿಂದ ಅವರ ಕಥೆಗಳನ್ನು ಮೊದಲಿಗಿಂತ ಹತ್ತಿರದಿಂದ ಓದಿದೆ.

ಕುಶಾಲನಗರದ ತಾಯಿ

ಇಲ್ಲಿ ಮೊದಲ ಬಾರಿ ಬರೆಯುತ್ತಿದ್ದೇನೆ. ನನ್ನ ಮಗ ಹತ್ತನೆಯ ತರಗತಿ. ವೃತ್ತಿ ಮಾರ್ಗದರ್ಶನ ನೀಡುವ ಒಂದು ಕೇಂದ್ರದಲ್ಲಿ ಹಣ ಕಟ್ಟಿ ಪರೀಕ್ಷೆ ಮಾಡಿಸಿದೆವು. ನಾಲ್ಕು ಅಕ್ಷರ ಬರೆದ ಬಣ್ಣದ ವರದಿ ಕೊಟ್ಟರು, ‘ಈ ಬಗೆಗೆ ವಿಜ್ಞಾನ ಹೊಂದುವುದಿಲ್ಲ, ವಾಣಿಜ್ಯಕ್ಕೆ ಸೇರಿಸಿ’ ಎಂದರು. ಇವನು ಮನೆಯ ನೀರಿನ ಮೋಟಾರು ಕೆಟ್ಟರೆ ಊಟ ಬಿಟ್ಟು ಬಿಚ್ಚಿ ಕೂರುವವನು. ವರದಿ ಬಂದ ಮೇಲೆ ಮಂಕಾಗಿದ್ದಾನೆ. ಅವನ ತಂದೆ, ತಜ್ಞರು ಹೇಳಿದ ಮೇಲೆ ಮುಗಿಯಿತು ಎನ್ನುತ್ತಾರೆ. ನಾನು ಏನು ಮಾಡಲಿ?

ನಾಪೋಕ್ಲು, ಸದ್ಯ ಮೈಸೂರು

ಅಕ್ಕ, ಇದು ಮುಗಿದ ಮಾತಲ್ಲ. ಆ ಪ್ರಶ್ನಾವಳಿಯ ಹಕ್ಕುಳ್ಳ ಸಂಸ್ಥೆಯವರೇ ಅದನ್ನು ಆಯ್ಕೆಗೆ, ಕೆಲಸ ಕೊಡಲು ಅಥವಾ ತಿರಸ್ಕರಿಸಲು ಬಳಸಬಾರದು ಎನ್ನುತ್ತಾರೆ. ಅದು ಒಲವನ್ನು ಕೇಳುತ್ತದೆ, ಸಾಮರ್ಥ್ಯವನ್ನು ಅಳೆಯುವುದಿಲ್ಲ. ನಿಮ್ಮ ಮಗನಿಗೆ ಭೌತಶಾಸ್ತ್ರ ಬರುತ್ತದೋ ಇಲ್ಲವೋ ಎಂಬುದು ಆ ನಾಲ್ಕು ಅಕ್ಷರಗಳಲ್ಲಿ ಎಲ್ಲಿಯೂ ಇಲ್ಲ.

ಕೇಂದ್ರಕ್ಕೆ ಹೋಗಿ ಕೇಳಿ. ಇದು ಮೂಲ ಪ್ರಶ್ನಾವಳಿಯೇ, ಅಂತರ್ಜಾಲದಲ್ಲಿ ಸಿಗುವ ನಕಲೇ? ಪರೀಕ್ಷೆ ಮಾಡಿಸಿದವರಿಗೆ ತರಬೇತಿ ಇದೆಯೇ? ಪ್ರಶ್ನೆಗಳು ಯಾವ ಭಾಷೆಯಲ್ಲಿದ್ದವು? ನಮ್ಮ ಮಕ್ಕಳ ಮೇಲೆ ಪ್ರಯೋಗಿಸಿ ನೋಡಿ ಅಂಕದ ಅರ್ಥ ನಿಗದಿ ಮಾಡಿದ್ದಾರೆಯೇ, ಅಥವಾ ಬೇರೆ ದೇಶದ ದೊಡ್ಡವರ ಅಳತೆಯನ್ನೇ ಇಲ್ಲಿನ ಹದಿನೈದರ ಹುಡುಗನಿಗೆ ಹಚ್ಚಿದ್ದಾರೆಯೇ? ಪ್ರತಿ ಗುಣದಲ್ಲಿ ಅವನ ಅಂಕ ಗೆರೆಯಿಂದ ಎಷ್ಟು ದೂರದಲ್ಲಿತ್ತು? ಬರೀ ಅಕ್ಷರ ಕೊಟ್ಟು ಅಂಕ ಕೊಡದಿದ್ದರೆ ಅಂಕವನ್ನೂ ಬರೆದುಕೊಡಿ ಎನ್ನಿ.

ಗೋಣಿಕೊಪ್ಪಲಿನ ಮೇಷ್ಟ್ರು

ತಾಯಿ, ಇನ್ನೊಂದು ಲೆಕ್ಕವನ್ನು ಮನೆಯವರ ಮುಂದೆ ಇಡಿ. ಪಿಯುಸಿಯಲ್ಲಿ ವಿಜ್ಞಾನ ಓದಿದವನು ಆಮೇಲೆ ಬಿ.ಕಾಂ.ಗೆ ಹೋಗಬಹುದು, ವಾಣಿಜ್ಯ ಓದಿದವನಿಗೆ ಎಂಜಿನಿಯರಿಂಗಿನ ಬಾಗಿಲು ತೆರೆಯುವುದಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ನೇರ ಡಿಪ್ಲೊಮಾಕ್ಕೂ ಹೋಗಬಹುದು, ನಿಮ್ಮ ಊರಿನಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇದೆ. ಪ್ರಾಂಶುಪಾಲರನ್ನು ಕೇಳಿಕೊಂಡರೆ ಒಂದು ಮಧ್ಯಾಹ್ನ ಪ್ರಯೋಗಾಲಯ ನೋಡಲು ಬಿಟ್ಟಾರು. ಮಗನನ್ನು ಕರೆದುಕೊಂಡು ಹೋಗಿ, ತಂದೆಯನ್ನೂ ಕರೆದುಕೊಂಡು ಹೋಗಿ. ಅವನ ವಿಜ್ಞಾನ, ಗಣಿತದ ಶಿಕ್ಷಕರನ್ನು ಮಾತನಾಡಿಸಿ. ವರ್ಷವಿಡೀ ಅವನನ್ನು ನೋಡಿದವರು ಅವರು.

ಸೋಮವಾರಪೇಟೆಯ ಬೆಳೆಗಾರ

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಯಂತ್ರ ಕೊಯ್ಲಿನ ನಡುವೆ ಕೆಟ್ಟಾಗ ಬಿಚ್ಚಿ ಸರಿಮಾಡುವ ಹುಡುಗರು ಸಿಗದೆ ನಾವು ಪಡುವ ಪಾಡು ಹೇಳತೀರದು. ಊಟ ಬಿಟ್ಟು ಮೋಟಾರು ಬಿಚ್ಚುವ ಹುಡುಗನಿಗೆ ಮಂಕಾಗಬೇಡ ಎಂದು ಹೇಳಿ. ಡಿಸೆಂಬರ್‌ನಲ್ಲಿ ರಜೆ ಸಿಕ್ಕರೆ ತೋಟಕ್ಕೆ ಕಳುಹಿಸಿ, ನಮ್ಮ ಮೆಕ್ಯಾನಿಕ್ಕಿನ ಜೊತೆ ನಿಲ್ಲಲಿ.

ಕುಶಾಲನಗರದ ತಾಯಿ

ನಿಮಗೆಲ್ಲರಿಗೂ ಹೇಗೆ ಧನ್ಯವಾದ ಹೇಳಲಿ. ನಿನ್ನೆ ರಾತ್ರಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಓದಿಸಿದೆ. ‘ಪ್ರಶ್ನೆಗಳು ಯಾವ ಭಾಷೆಯಲ್ಲಿದ್ದವು’ ಎಂಬಲ್ಲಿಗೆ ಬಂದಾಗ ನಿಲ್ಲಿಸಿದ. ಎಲ್ಲವೂ ಇಂಗ್ಲಿಷಿನಲ್ಲಿದ್ದವಂತೆ, ಕನ್ನಡ ಮಾಧ್ಯಮದ ಹುಡುಗ ಇವನು. ಅರ್ಥವಾಗದ ಪ್ರಶ್ನೆಗಳಿಗೆಲ್ಲ ಪಕ್ಕದವನನ್ನು ನೋಡಿ ಗುರುತು ಹಾಕಿದ್ದಾನೆ. ಇಷ್ಟು ದಿನ ಏಕೆ ಹೇಳಲಿಲ್ಲ ಎಂದರೆ, ಹಣ ಕಟ್ಟಿದ್ದೀರಿ, ಬೈಯುತ್ತೀರಿ ಎಂದುಕೊಂಡೆ ಎಂದ. ಅವನ ತಂದೆಯೂ ಅಲ್ಲೇ ಇದ್ದರು, ಕೇಳಿಸಿಕೊಂಡರು.

ಸೋಮವಾರ ಇಬ್ಬರೂ ಆ ಕೇಂದ್ರಕ್ಕೆ ಹೋಗುತ್ತೇವೆ. ಅಲ್ಲಿಂದ ಪಾಲಿಟೆಕ್ನಿಕ್ ಕಡೆಗೂ ಹೋಗಿ ಬರುತ್ತೇವೆ. ಬೆಳೆಗಾರರೇ, ಪಲ್ಪರ್ ಎಷ್ಟು ಅಶ್ವಶಕ್ತಿಯದು, ಯಾವ ಮೋಟಾರು ಎಂದು ಮಗ ಕೇಳುತ್ತಿದ್ದಾನೆ.

ಸೋಮವಾರಪೇಟೆಯ ಬೆಳೆಗಾರ

ಎರಡು ಅಶ್ವಶಕ್ತಿ, ಮೂರು ಫೇಸ್. ಬೆಲ್ಟು ಜಾರುತ್ತದೆ, ಏಕೆಂದು ಇನ್ನೂ ಗೊತ್ತಾಗಿಲ್ಲ. ಬಂದು ನೋಡಲಿ.